ಕಾಲು ಪಳಗಬೇಕಾದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕರಾಟೆ, ಟೇಕ್ವಾಂಡೋ, ಕಿಕ್ ಬಾಕ್ಸಿಂಗ್ ಕಲಿಯುತ್ತಿರುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಾಲಿನ ಕುರಿತೇ ಇವೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ 24 ವರ್ಷ. ಕಿಕ್ ಬಾಕ್ಸಿಂಗ್ ಸೇರಿ ಆರು ತಿಂಗಳಾಯಿತು. ತೂಗುಬಿಟ್ಟ ಬ್ಯಾಗ್‌ಗೆ ಒದ್ದರೆ ಶಿನ್ (ಮಂಡಿಯ ಕೆಳಗಿನ ಕಾಲಿನ ಮುಂಭಾಗ) ವಿಪರೀತ ನೋಯುತ್ತದೆ. ಗಾಜಿನ ಬಾಟಲಿ ಉರುಳಿಸಿಕೊಂಡರೆ, ದಿನಾ ಕೋಲಿನಿಂದ ತಟ್ಟಿಕೊಂಡರೆ ನರ ಸತ್ತು ಮೂಳೆ ಕಲ್ಲಾಗುತ್ತದೆ ಎಂದು ಸೀನಿಯರ್‌ಗಳು ಹೇಳುತ್ತಾರೆ. ಮಾಡಬಹುದೇ? ಶಿನ್ ಗಟ್ಟಿಯಾಗಲು ಎಷ್ಟು ದಿನ ಬೇಕು?

ಉತ್ತರ: ಬಾಟಲಿಯೂ ಬೇಡ, ಕೋಲೂ ಬೇಡ. ಮಂಡಿಯಿಂದ ಕಣಕಾಲಿನವರೆಗೆ ಒಮ್ಮೆ ಬೆರಳಿನಿಂದ ಸವರಿ ನೋಡಿ. ಹೊರಬದಿಯಲ್ಲಿ ಮಾಂಸ ಸಿಗುತ್ತದೆ. ಒಳಬದಿಯಲ್ಲಿ ಚರ್ಮ ದಾಟಿದರೆ ಸಿಗುವುದು ಮೂಳೆಯೇ. ಆ ಮೂಳೆಗೆ ಅಂಟಿಕೊಂಡ ತೆಳ್ಳನೆಯ ಪೊರೆಯಲ್ಲಿ ನೋವಿನ ನರಗಳು ದಟ್ಟವಾಗಿವೆ. ಬಾಟಲಿ ಉಜ್ಜುವುದು ಈ ಪೊರೆಯನ್ನೇ. ಪೊರೆ ಊದಿಕೊಳ್ಳುತ್ತದೆ, ಅಲ್ಲಲ್ಲಿ ಗಂಟು ಏಳುತ್ತದೆ. ಒಳಗಿನ ಮೂಳೆಗೆ ಇದರಿಂದ ಬರುವ ಲಾಭ ಏನೂ ಇಲ್ಲ.

ಹಾಕಿದ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೊಲ್ಫ್ 1892ರಲ್ಲೇ ಬರೆದಿಟ್ಟಿದ್ದಾರೆ. ಆದರೆ ಮೂಳೆಗೆ ಅರ್ಥವಾಗುವ ಭಾರವೆಂದರೆ ಅದನ್ನು ಕಣ್ಣಿಗೆ ಕಾಣದಷ್ಟು ಬಾಗಿಸಿ ಬಿಡುವ ಭಾರ, ಅದೂ ಥಟ್ಟನೆ ಬೀಳುವಂಥದ್ದು. ಓಟ, ಸ್ಕಿಪ್ಪಿಂಗ್, ಜಿಗಿತ, ತೂಕ ಹೊತ್ತ ಬಸ್ಕಿ, ಬ್ಯಾಗ್‌ಗೆ ಬೀಳುವ ಒದೆತ ಎಲ್ಲವೂ ಆ ಕೆಲಸ ಮಾಡುತ್ತವೆ. ಮೇಲೆ ಮೇಲೆ ಉಜ್ಜುವುದು ಮಾಡುವುದಿಲ್ಲ.

ಇನ್ನು ದಿನಗಳ ಲೆಕ್ಕ. ಚರ್ಮ ಮತ್ತು ನರ ಕೆಲವೇ ವಾರಗಳಲ್ಲಿ ಪೆಟ್ಟಿಗೆ ಒಗ್ಗುತ್ತವೆ. ಸ್ನಾಯುಗಳಿಗೆ ಎರಡು ಮೂರು ತಿಂಗಳು ಬೇಕು. ಮೂಳೆ ಎಲ್ಲಕ್ಕಿಂತ ನಿಧಾನ. ಅದು ಹೊಸದನ್ನು ಕಟ್ಟುವ ಮೊದಲು ಹಳೆಯದನ್ನು ಕೆಡವುತ್ತದೆ. ಕೆಡವುವ ಕೆಲಸ ಕೆಲವು ವಾರ, ಆ ಜಾಗ ತುಂಬಿ ಗಟ್ಟಿಯಾಗಲು ಇನ್ನೂ ಮೂರು ನಾಲ್ಕು ತಿಂಗಳು. ನಡುವಿನ ಅವಧಿಯಲ್ಲಿ ಆ ಜಾಗ ಮೊದಲಿಗಿಂತ ದುರ್ಬಲವೇ ಆಗಿರುತ್ತದೆ. ಎಡವಟ್ಟಾಗುವುದು ಇಲ್ಲೇ. ಎರಡನೇ ತಿಂಗಳಿಗೆ ನೋವು ಇಳಿಯುತ್ತದೆ, ಶಿನ್ ಗಟ್ಟಿಯಾಯಿತೆಂದು ಹುಡುಗರು ಒದೆತಗಳನ್ನು ದುಪ್ಪಟ್ಟು ಮಾಡುತ್ತಾರೆ, ಮೂಳೆಯಲ್ಲಿ ಬಿರುಕು ಬಿಡುತ್ತದೆ. ನೋವು ಕಡಿಮೆಯಾಯಿತು ಎಂದರೆ ನರ ಒಗ್ಗಿತು ಎಂದಷ್ಟೇ ತಿಳಿಯಿರಿ. ಗಟ್ಟಿತನದ ಮಾತನ್ನು ಒಂದು ವರ್ಷದ ನಂತರ ಆಡೋಣ.

ಮಾಡಬೇಕಾದ್ದು ಇಷ್ಟು. ಮೊದಲ ನಾಲ್ಕು ವಾರ ಮೆತ್ತನೆಯ ಬ್ಯಾಗ್‌ಗೆ ವಾರದಲ್ಲಿ ಎರಡು ದಿನ, ಒಂದೊಂದು ಕಾಲಿಗೆ 30 ರೌಂಡ್‌ಹೌಸ್ (ಸೊಂಟ ತಿರುಗಿಸಿ ಪಕ್ಕದಿಂದ ಬೀಸುವ ಒದೆತ), ಅರ್ಧ ಬಲದಲ್ಲಿ. ಮುಂದಿನ ನಾಲ್ಕು ವಾರ ಬಲ ಅಷ್ಟೇ ಇರಲಿ, ಸಂಖ್ಯೆ 50ಕ್ಕೆ ಏರಲಿ. ಮೂರನೇ ತಿಂಗಳಲ್ಲಿ ಸಂಖ್ಯೆಯನ್ನು ಮತ್ತೆ 40ಕ್ಕೆ ಇಳಿಸಿ ಬಲವನ್ನು ಮುಕ್ಕಾಲಿಗೆ ಏರಿಸಿ. ನಾಲ್ಕನೇ ತಿಂಗಳಲ್ಲಿ ಬೇಕಾದರೆ ಮೂರನೇ ದಿನ ಸೇರಿಸಬಹುದು. ಎರಡು ಬ್ಯಾಗ್ ದಿನಗಳ ನಡುವೆ 48 ಗಂಟೆ ಬಿಡುವು ಇರಬೇಕು. ಪ್ರತಿ ನಾಲ್ಕನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ಸಂಖ್ಯೆ, ಬಲ, ಬ್ಯಾಗ್‌ನ ಗಡಸು: ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಏರಿಸಿ.

ಬ್ಯಾಗನ್ನೂ ನೋಡಿಕೊಳ್ಳಿ. ನಿಮ್ಮ ತೂಕದ ಅರ್ಧದಷ್ಟು ತೂಗುವ, ಬಟ್ಟೆ ಚೂರು ತುಂಬಿದ ಉದ್ದನೆಯ ಬ್ಯಾಗ್ ಒಳ್ಳೆಯದು. ಆದರೆ ತುಂಬಿದ್ದು ತಿಂಗಳುಗಳು ಕಳೆದಂತೆ ಕೆಳಕ್ಕೆ ಇಳಿದು ಗಟ್ಟಿಯಾಗುತ್ತದೆ. ಮೇಲ್ಭಾಗ ದಿಂಬಿನಂತಿದ್ದರೆ, ಲೋ ಕಿಕ್ (ತೊಡೆಯ ಮಟ್ಟದ ಒದೆತ) ಬೀಳುವ ಜಾಗ ಗೋಡೆಯಂತಾಗಿರುತ್ತದೆ. ಒದೆಯುವ ಮೊದಲು ಮುಷ್ಟಿಯಿಂದ ಮೇಲಿಂದ ಕೆಳಗಿನವರೆಗೆ ಗುದ್ದಿ ನೋಡಿದರೆ ಗೊತ್ತಾಗುತ್ತದೆ. ಅಂಥ ಬ್ಯಾಗನ್ನು ಬಿಚ್ಚಿ, ತುಂಬಿದ್ದನ್ನು ಹೊರತೆಗೆದು ಸಡಿಲಿಸಿ, ಮತ್ತೆ ಸಮನಾಗಿ ತುಂಬಬೇಕು. ಬರೀ ಮರಳು ತುಂಬಿದ ಬ್ಯಾಗ್ ಹೊಸಬರಿಗೆ ಸಲ್ಲದು.

ಹೊಸಬರ ನೋವಿಗೆ ಇನ್ನೊಂದು ಕಾರಣವೂ ಇದೆ: ಪೆಟ್ಟು ತಪ್ಪು ಜಾಗದಲ್ಲಿ ಬೀಳುತ್ತಿರುತ್ತದೆ. ಸೊಂಟ ಪೂರ್ತಿ ತಿರುಗದಿದ್ದರೆ ಶಿನ್‌ನ ಒಳಬದಿಯ ಚಪ್ಪಟೆ ಭಾಗ ಬ್ಯಾಗ್‌ಗೆ ತಗುಲುತ್ತದೆ. ದೂರ ಹೆಚ್ಚಾದರೆ ಪಾದದ ಮೇಲ್ಭಾಗ ತಗುಲುತ್ತದೆ, ಅಲ್ಲಿರುವುದು ಸಣ್ಣ ಸಣ್ಣ ಮೂಳೆಗಳು. ಸೊಂಟ ಉರುಳಿಸಿ, ಕಣಕಾಲಿನಿಂದ ಐದಾರು ಬೆರಳಗಲ ಮೇಲಿನಿಂದ ಶಿನ್‌ನ ನಡುಭಾಗದವರೆಗಿನ ಜಾಗ ತಗುಲುವಂತೆ ನಿಂತುಕೊಳ್ಳಿ. ಬ್ಯಾಗ್‌ನಿಂದ ಅರ್ಧ ಹೆಜ್ಜೆ ಹತ್ತಿರ ಬಂದರೆ ಎಷ್ಟೋ ಜನರ ನೋವು ಅಲ್ಲಿಗೇ ಅರ್ಧ ಆಗುತ್ತದೆ.

ವರ್ಷಗಟ್ಟಲೆ ಪಳಗಿದ ಶಿನ್ ಕೂಡ ಮುರಿಯದ ವಸ್ತುವೇನಲ್ಲ. 2013ರ ಡಿಸೆಂಬರ್ 28ರಂದು ಯುಎಫ್‌ಸಿ 168 ಎಂಬ ಮಿಶ್ರ ಸಮರಕಲೆಯ ಪಂದ್ಯಕೂಟದಲ್ಲಿ ಆಂಡರ್ಸನ್ ಸಿಲ್ವಾ ಬೀಸಿದ ಲೋ ಕಿಕ್ಕನ್ನು ಕ್ರಿಸ್ ವೈಡ್‌ಮನ್ ಕಾಲೆತ್ತಿ ತಡೆದಾಗ ಸಿಲ್ವಾ ಅವರ ಎಡಗಾಲಿನ ಮಂಡಿಯ ಕೆಳಗಿನ ಎರಡೂ ಮೂಳೆಗಳು ಮುರಿದವು. 2021ರ ಏಪ್ರಿಲ್‌ನಲ್ಲಿ, ಯುಎಫ್‌ಸಿ 261ರಲ್ಲಿ, ಅದೇ ವೈಡ್‌ಮನ್ ಒದ್ದ ಮೊದಲ ಕಿಕ್ಕನ್ನು ಯುರಾಯಾ ಹಾಲ್ ತಡೆದಾಗ ಮುರಿದದ್ದು ವೈಡ್‌ಮನ್ ಕಾಲು. ಶಿನ್ ಮೂಳೆ ಅತಿ ಸಪೂರವಾಗಿರುವುದು ನಡುಭಾಗ ಮುಗಿದು ಕೆಳಭಾಗ ಶುರುವಾಗುವಲ್ಲಿ. ಅದು ಎದುರಾಳಿಯ ಮಂಡಿಯ ಗಟ್ಟಿ ತುದಿಗೆ ಪೂರ್ಣ ಬಲದಲ್ಲಿ ಬಡಿದರೆ ಯಾವ ಪಳಗಿಸುವಿಕೆಯೂ ಕಾಯುವುದಿಲ್ಲ. ಆದ್ದರಿಂದ ಪಂಚ್ ಹಾಕಿ ಎದುರಾಳಿಯ ತೂಕ ಮುಂಗಾಲಿನ ಮೇಲೆ ಬಿದ್ದಾಗ ಮಾತ್ರ ಲೋ ಕಿಕ್. ಸ್ಪಾರಿಂಗ್‌ನಲ್ಲಿ (ಜೊತೆಗಾರರೊಂದಿಗಿನ ಅಭ್ಯಾಸದ ಸೆಣಸಾಟದಲ್ಲಿ) ಶಿನ್ ಗಾರ್ಡ್ ಕಡ್ಡಾಯ.

ಪ್ರಶ್ನೆ: ಶಿನ್ ನೋವು ಮಾಮೂಲಿಯೋ, ಮೂಳೆಯಲ್ಲಿ ಬಿರುಕು ಬಿಟ್ಟಿದೆಯೋ ಎಂದು ನಾವೇ ತಿಳಿಯುವುದು ಹೇಗೆ? ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದಿದ್ದಾರೆ, ಆದರೂ ನೋವು ಹೋಗುತ್ತಿಲ್ಲ.

ಉತ್ತರ: ಒಂದೇ ಬೆರಳಿನಿಂದ ಮೂಳೆಯುದ್ದಕ್ಕೂ ಒತ್ತುತ್ತಾ ಬನ್ನಿ. ಪೆಟ್ಟು ಬಿದ್ದ ಜಾಗ ನೀಲಿಗಟ್ಟಿದ್ದು, ದಿನೇ ದಿನೇ ನೋವು ಇಳಿಯುತ್ತಾ ಒಂದೆರಡು ವಾರದೊಳಗೆ ಹೋದರೆ ಅದು ಬರೀ ಪೆಟ್ಟು. ಮೂಳೆಯ ಒಳ ಅಂಚಿನ ಹಿಂಬದಿಯಲ್ಲಿ ಐದು ಸೆಂಟಿಮೀಟರಿಗಿಂತ ಉದ್ದಕ್ಕೆ ಹರಡಿದ ನೋವಿದ್ದು, ವಾರ್ಮಪ್ ಆದ ಮೇಲೆ ಕಡಿಮೆಯಾಗಿ ಮರುದಿನ ಬೆಳಿಗ್ಗೆ ಮತ್ತೆ ಕಾಣಿಸಿಕೊಂಡರೆ ಅದು ಶಿನ್ ಸ್ಪ್ಲಿಂಟ್. ಸ್ಕಿಪ್ಪಿಂಗ್ ಮತ್ತು ಓಟವನ್ನು ಏಕಾಏಕಿ ಹೆಚ್ಚಿಸಿದವರಲ್ಲಿ, ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ಜಿಗಿಯುವವರಲ್ಲಿ ಇದು ಸಾಮಾನ್ಯ. ಜಿಗಿತವನ್ನು ಅರ್ಧಕ್ಕೆ ಇಳಿಸಿ, ಮ್ಯಾಟ್ ಮೇಲೆ ಮಾಡಿ, ಮೀನಖಂಡದ ವ್ಯಾಯಾಮ ಸೇರಿಸಿದರೆ ಕೆಲವು ವಾರಗಳಲ್ಲಿ ಹಿಡಿತಕ್ಕೆ ಬರುತ್ತದೆ.

ಹೆದರಬೇಕಾದ್ದು ಒಂದು ಬೆರಳ ತುದಿಯಷ್ಟೇ ಜಾಗದಲ್ಲಿ ನಿಂತ ನೋವಿಗೆ. ಅಭ್ಯಾಸ ಮುಂದುವರಿದಂತೆ ಅದು ಏರುತ್ತದೆ, ರಾತ್ರಿ ಮಲಗಿದಾಗಲೂ ಕಾಡುತ್ತದೆ, ಒಂಟಿ ಕಾಲಲ್ಲಿ ಎರಡು ಸಲ ಕುಪ್ಪಳಿಸಿದರೆ ಅದೇ ಬಿಂದುವಿನಲ್ಲಿ ಚುಚ್ಚುತ್ತದೆ. ಅಲ್ಲಿಗೆ ಒದೆತ ನಿಲ್ಲಿಸಿ ಮೂಳೆ ವೈದ್ಯರಲ್ಲಿ ಹೋಗಿ. ಮೊದಲ ಎರಡು ಮೂರು ವಾರ ಇಂಥ ಸಣ್ಣ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಮಾಮೂಲು. ನಿಮಗೆ ‘ಏನೂ ಇಲ್ಲ’ ಎಂದದ್ದು ಆ ಅವಧಿಯಲ್ಲಾಗಿದ್ದರೆ ಆ ಮಾತಿನ ಮೇಲೆ ಭರವಸೆ ಇಡಬೇಡಿ, ಎಂಆರ್‌ಐ ಬೇಕೇ ಎಂದು ಕೇಳಿ. ಒಳ ಅಂಚಿನ ಬಿರುಕು ಸಾಮಾನ್ಯವಾಗಿ ಆರರಿಂದ ಎಂಟು ವಾರದ ವಿಶ್ರಾಂತಿಗೆ ಕೂಡಿಕೊಳ್ಳುತ್ತದೆ. ಮೂಳೆಯ ಎದುರು ಅಂಚಿನ ನಡುವೆ ಬಿಟ್ಟ ಬಿರುಕು ಹಾಗಲ್ಲ. ಅದು ತಿಂಗಳುಗಟ್ಟಲೆ ಎಳೆಯುತ್ತದೆ, ಕೆಲವೊಮ್ಮೆ ಪೂರ್ತಿ ಮುರಿಯುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ತೂಕ ಇಳಿಸುವ ಭರದಲ್ಲಿ ಊಟ ಕಡಿಮೆ ಮಾಡಿ, ಸತತ ಮೂರು ತಿಂಗಳು ಮುಟ್ಟು ನಿಂತಿದ್ದರೆ ನಿಮ್ಮ ಮೂಳೆ ಸವೆಯುತ್ತಿರುವ ಸಾಧ್ಯತೆ ಹೆಚ್ಚು. ಬ್ಯಾಗ್ ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಿ.

ಪ್ರಶ್ನೆ: ವಯಸ್ಸು 38. ಟೇಕ್ವಾಂಡೋ ಕಲಿಯುತ್ತಿದ್ದೇನೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಹತ್ತು ನಿಮಿಷ ಕಾಲು ಅಗಲಿಸಿ ಕೂರುತ್ತೇನೆ. ಆದರೂ ಕಿಕ್ ಸೊಂಟಕ್ಕಿಂತ ಮೇಲೆ ಹೋಗುತ್ತಿಲ್ಲ, ಈಗ ತೊಡೆಸಂದು ನೋವು ಬೇರೆ.

ಉತ್ತರ: ಮೊದಲು ಒಂದು ಪರೀಕ್ಷೆ. ಗೋಡೆ ಹಿಡಿದು ನಿಂತು, ಒಂದು ಕಾಲನ್ನು ಕೈಯಿಂದ ಎತ್ತಿ ಪಕ್ಕಕ್ಕೆ ಎಷ್ಟು ಎತ್ತರ ಹೋಗುತ್ತದೋ ಅಷ್ಟಕ್ಕೆ ತನ್ನಿ. ಈಗ ಕೈ ಬಿಡಿ. ಕಾಲು ಅಲ್ಲೇ ನಿಂತರೆ ನಿಮಗೆ ಬೇಕಾದ್ದು ಸ್ಟ್ರೆಚಿಂಗ್. ಒಂದು ಗೇಣು ಕೆಳಗೆ ಬಿದ್ದರೆ ಸ್ಟ್ರೆಚ್ ಸಾಕಷ್ಟಿದೆ, ಎತ್ತಿ ಹಿಡಿಯುವ ಬಲ ಇಲ್ಲ. ಹತ್ತು ನಿಮಿಷ ಕಾಲಗಲಿಸಿ ಕೂರುವ ಬಹುಪಾಲು ಜನ ಎರಡನೇ ಗುಂಪಿನವರು.

ಬಲ ಬರಲು: ಗೋಡೆ ಹಿಡಿದು ಮಂಡಿಯನ್ನು ಎದೆಯ ಕಡೆ ಎತ್ತಿ, ಕಿಕ್ ಹೊರಡುವ ಭಂಗಿಗೆ ತಂದು, ಕಾಲನ್ನು ನಿಧಾನಕ್ಕೆ ಚಾಚಿ 5 ಸೆಕೆಂಡ್ ಹಿಡಿದು, ಅಷ್ಟೇ ನಿಧಾನಕ್ಕೆ ಮಡಚಿ ಇಳಿಸಿ. ಒಂದು ಕಾಲಿಗೆ 5, ಅಂಥವು 3 ಸುತ್ತು, ವಾರಕ್ಕೆ ಮೂರು ದಿನ. ಮೈ ಹಿಂದಕ್ಕೆ ಬೀಳುತ್ತಿದ್ದರೆ ಎತ್ತರ ಇಳಿಸಿ. ಕಾಲು ನಡುಗುತ್ತದೆ, ಅದು ಸರಿಯೇ. ಸೊಂಟದ ಮುಂದೆ ಸ್ನಾಯು ಹಿಡಿದುಕೊಂಡರೆ ಬಿಟ್ಟು ಮತ್ತೆ ಮಾಡಿ.

ನಿದ್ದೆಯಿಂದೆದ್ದು ನೇರ ಜಗ್ಗುವುದನ್ನು ಇಂದೇ ಬಿಡಿ. ತರಗತಿಗೆ ಮುಂಚೆ ಐದಾರು ನಿಮಿಷ ಮೈ ಬಿಸಿ ಮಾಡಿ, ಕಾಲು ಬೀಸುವ ವ್ಯಾಯಾಮ ಮುಂದಕ್ಕೆ 12, ಪಕ್ಕಕ್ಕೆ 12. ಮೊದಲ ಬೀಸು ಮಂಡಿಯೆತ್ತರ, ಕೊನೆಯದು ಮಾತ್ರ ನಿಮ್ಮ ಪೂರ್ಣ ಎತ್ತರ. ಹಿಡಿದು ನಿಲ್ಲುವ ಸ್ಟ್ರೆಚ್ ತರಗತಿಯ ನಂತರ, ಒಂದೊಂದಕ್ಕೆ 30 ಸೆಕೆಂಡಿನಂತೆ ಎರಡು ಮೂರು ಸಲ. ಒದೆಯುವ ಮೊದಲು ಒಂದೇ ಸ್ನಾಯುವನ್ನು ನಿಮಿಷಕ್ಕೂ ಹೆಚ್ಚು ಜಗ್ಗಿ ಹಿಡಿದರೆ ಆ ಹೊತ್ತಿಗೆ ಅದರ ಬಲ ಕುಗ್ಗುತ್ತದೆ. ಬೇಗ ಮುಂದುವರಿಯಬೇಕೆಂದರೆ ವಾರಕ್ಕೆ ಎರಡು ಸಲ ಹೀಗೆ ಮಾಡಿ: ಕಾಲು ಅಗಲಿಸಿ ಕೂತು ಹಿಮ್ಮಡಿಗಳಿಂದ ನೆಲವನ್ನು 6 ಸೆಕೆಂಡ್ ಒತ್ತಿ, ಸಡಿಲಿಸಿ, ಉಸಿರು ಬಿಡುತ್ತಾ ಒಂದಿಷ್ಟು ಮುಂದೆ ಹೋಗಿ 20 ಸೆಕೆಂಡ್ ನಿಲ್ಲಿ. ಇಂಥವು ನಾಲ್ಕು.

ತೊಡೆಸಂದು ನೋವು ಒಳತೊಡೆಯ ಬುಡದಲ್ಲಿದ್ದರೆ ಆರು ವಾರ ಕಾಲಗಲಿಸುವುದನ್ನೇ ನಿಲ್ಲಿಸಿ. ಮಲಗಿ, ಮಂಡಿ ಮಡಚಿ, ನಡುವೆ ಚೆಂಡು ಇಟ್ಟು 10 ಸೆಕೆಂಡ್ ಒತ್ತಿ. ಐದು ಸಲ, ದಿನಾ. ನೋವಿಲ್ಲದೆ ಒತ್ತಲು ಬಂದ ಮೇಲೆ ಪಕ್ಕಕ್ಕೆ ಮಲಗಿ ಮೇಲಿನ ಮಂಡಿಯನ್ನು ಬೆಂಚಿನ ಮೇಲಿಟ್ಟು, ಮೊಣಕೈ ಊರಿ, ಸೊಂಟ ಎತ್ತಿ ಹಿಡಿಯುವ ವ್ಯಾಯಾಮ, 6ರಂತೆ ಎರಡು ಸುತ್ತು. ಇದು ಕೋಪನ್‌ಹೇಗನ್ ಪ್ಲ್ಯಾಂಕ್.

ನೋವು ಒಳತೊಡೆಯಲ್ಲಿಲ್ಲದೆ ಸೊಂಟದ ಕೀಲಿನ ಮುಂದೆ ಚಿವುಟಿದಂತಿದ್ದರೆ ಲೆಕ್ಕ ಬೇರೆ. ಅಲ್ಲಿ ಮೂಳೆಗೆ ಮೂಳೆ ಅಡ್ಡ ಬರುತ್ತಿರಬಹುದು. ಹಾಗಿದ್ದರೆ ಎಷ್ಟು ಜಗ್ಗಿದರೂ ಸರಿಯುವುದಿಲ್ಲ, ಜಗ್ಗಿದಷ್ಟೂ ಕೀಲಿನ ಅಂಚು ಹರಿಯಬಹುದು. ನಿಂತ ಕಾಲಿನ ಪಾದವನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿ, ಸೊಂಟ ಸ್ವಲ್ಪ ಮುಂದಕ್ಕೆ ಬಾಗಿಸಿ ಒದ್ದು ನೋಡಿ. ಅಡ್ಡಿ ಸರಿದರೆ ಒಳ್ಳೆಯದು, ಇಲ್ಲದಿದ್ದರೆ ನಿಮ್ಮ ಎತ್ತರ ಅಷ್ಟೇ ಎಂದು ಒಪ್ಪಿಕೊಂಡು ಪಕ್ಕೆಲುಬಿನ ಮಟ್ಟದ ಕಿಕ್ಕನ್ನು ಚೂಪು ಮಾಡಿಕೊಳ್ಳಿ.

ಪ್ರಶ್ನೆ: ರೌಂಡ್‌ಹೌಸ್ ಒದೆಯುವ ಕಾಲಿಗೆ ಏನೂ ಆಗಿಲ್ಲ, ನಿಂತ ಕಾಲಿನ ಮಂಡಿ ನೋಯುತ್ತಿದೆ. ಕಾಲಿಗೆ 2 ಕೆಜಿ ತೂಕ ಕಟ್ಟಿಕೊಂಡು ಒದ್ದರೆ ಬಲ ಬರುತ್ತದೆಯೇ?

ಉತ್ತರ: ನಿಮ್ಮ ಪಾದ ತಿರುಗುತ್ತಿಲ್ಲ. ಸೊಂಟ ತಿರುಗಿ, ಪಾದ ನೆಲಕ್ಕೆ ಅಂಟಿಕೊಂಡರೆ ನಡುವಿನ ಮಂಡಿ ಹಿಂಡಿಹೋಗುತ್ತದೆ. ಕಿಕ್ ತಗುಲುವ ಕ್ಷಣದಲ್ಲಿ ನಿಂತ ಕಾಲಿನ ಹಿಮ್ಮಡಿ ಗುರಿಯ ಕಡೆ ನೋಡುತ್ತಿರಬೇಕು. ಗೆಳೆಯರ ಕೈಲಿ ಹಿಂದಿನಿಂದ ವಿಡಿಯೋ ಮಾಡಿಸಿ ನೋಡಿ, ಎದುರಿನಿಂದ ಇದು ಕಾಣುವುದಿಲ್ಲ. ಅಭ್ಯಾಸಕ್ಕೆ: ಗೋಡೆ ಹಿಡಿದು, ಒದೆಯುವ ಕಾಲನ್ನು ಮಂಡಿಯವರೆಗೆ ಮಾತ್ರ ಎತ್ತಿ, ನಿಂತ ಕಾಲಿನ ಹಿಮ್ಮಡಿಯನ್ನು ಒಂದು ಕಾಗದ ತೂರುವಷ್ಟು ಎತ್ತಿ, ಮುಂಪಾದದ ಮೇಲೆ ಹೊರಳಿ. 10 ಸಲ, ಎರಡೂ ಕಡೆ, ಪ್ರತಿ ತರಗತಿಯ ಮೊದಲು. ಒದೆಯುವ ಮುನ್ನ ಹೆಜ್ಜೆಯನ್ನು ನೇರ ಇಡದೆ ಓರೆಯಾಗಿ ಹೊರಗಿಟ್ಟರೆ ಅರ್ಧ ತಿರುವು ಅಲ್ಲೇ ಆಗಿರುತ್ತದೆ. ಹೊಸ ರಬ್ಬರ್ ಮ್ಯಾಟ್ ಕಾಲನ್ನು ಹಿಡಿಯುತ್ತದೆ. ಅದರ ಮೇಲೆ ನಿಧಾನ ಇರಲಿ.

ತೂಕ ಕಟ್ಟಿ ಜೋರಾಗಿ ಒದೆಯಬೇಡಿ. ಕೊನೆಯಲ್ಲಿ ಕಾಲು ಚಾಚಿಕೊಂಡಾಗ ಆ 2 ಕೆಜಿ ಮಂಡಿಯನ್ನು ಎಳೆಯುತ್ತದೆ, ತಡೆಯಲು ಎದುರಿಗೆ ಬ್ಯಾಗ್ ಕೂಡ ಇರುವುದಿಲ್ಲ. ಮೇಲೆ ಹೇಳಿದ ನಿಧಾನದ ಎತ್ತುವಿಕೆಗೆ ಅರ್ಧ ಕೆಜಿಯಿಂದ 1 ಕೆಜಿ ಕಟ್ಟಬಹುದು. ಬರಿ ಗಾಳಿಯಲ್ಲಿ ಒದೆಯುವಾಗಲೂ ಮಂಡಿಯನ್ನು ಪೂರ್ತಿ ಲಾಕ್ ಮಾಡದೆ ಒಂದಿಷ್ಟು ಮಡಿಕೆ ಉಳಿಸಿ.

ಬಲ ಬರುವುದು ಬೇರೆ ಕಡೆಯಿಂದ. ವಾರಕ್ಕೆ ಎರಡು ದಿನ: ತೂಕ ಹೊತ್ತ ಬಸ್ಕಿ 5ರಂತೆ 4 ಸುತ್ತು, ಒಂಟಿ ಕಾಲಲ್ಲಿ ನಿಂತು ಸೊಂಟದಿಂದ ಬಾಗಿ ಏಳುವ ಡೆಡ್‌ಲಿಫ್ಟ್ 8ರಂತೆ 3, ಹಿಮ್ಮಡಿ ಎತ್ತುವುದು ಮಂಡಿ ನೇರವಾಗಿಟ್ಟು 15, ಮಡಚಿ 15. ಬೆನ್ನನ್ನು ಗೋಡೆಗೆ ಒರಗಿಸಿ ಪಾದದ ಮುಂಭಾಗ ಎತ್ತುವುದು 20. ಯಾರಾದರೂ ಕಣಕಾಲು ಹಿಡಿದುಕೊಂಡಿರುವಾಗ ಮಂಡಿಯೂರಿ ಮುಂದಕ್ಕೆ ನಿಧಾನ ಬೀಳುವ ನಾರ್ಡಿಕ್ ಕರ್ಲ್ ಶುರುವಿಗೆ ಬರೀ 4. ಮರುದಿನ ತೊಡೆಯ ಹಿಂಭಾಗ ಹಿಡಿದುಕೊಳ್ಳುವುದರಿಂದ ಅದನ್ನು ಕಿಕ್ಕಿಂಗ್ ದಿನದ ಹಿಂದಿನ ದಿನ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಸ್ಪಾರಿಂಗ್‌ನಲ್ಲಿ ತೊಡೆಗೆ ಲೋ ಕಿಕ್ ಬಿದ್ದು ಮೂರು ವಾರವಾಯಿತು. ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿಸಿದೆ. ಈಗ ಒಳಗೆ ಗಟ್ಟಿ ಗಂಟು, ಮಂಡಿ ಪೂರ್ತಿ ಮಡಚಲು ಆಗುತ್ತಿಲ್ಲ.

ಉತ್ತರ: ತಿಕ್ಕುವುದನ್ನು ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ತೊಡೆಯೊಳಗೆ ಹೆಪ್ಪುಗಟ್ಟಿದ ರಕ್ತದ ಜಾಗದಲ್ಲಿ ಸ್ನಾಯುವಿನೊಳಗೇ ಮೂಳೆ ಬೆಳೆಯುವುದುಂಟು. ಮೊದಲ ದಿನಗಳ ಬಿಸಿ, ತಿಕ್ಕಾಟ, ಬಲವಂತದ ಜಗ್ಗಾಟ, ಅದೇ ಜಾಗಕ್ಕೆ ಮತ್ತೆ ಬೀಳುವ ಪೆಟ್ಟು ಇದಕ್ಕೆ ದಾರಿ ಮಾಡಿಕೊಡುತ್ತವೆ. ಮೂರು ನಾಲ್ಕು ವಾರಕ್ಕೆ ಎಕ್ಸ್‌ರೇಯಲ್ಲಿ ಕಾಣತೊಡಗುತ್ತದೆ. ಬಹಳಷ್ಟು ಸಲ ತಿಂಗಳುಗಳಲ್ಲಿ ತಾನೇ ಕರಗುತ್ತದೆ ಅಥವಾ ತೊಂದರೆ ಕೊಡದೆ ಉಳಿಯುತ್ತದೆ, ಕೆಣಕದಿದ್ದರೆ.

ಮುಂದಿನ ಸಲ ಜೋರು ಪೆಟ್ಟು ಬಿದ್ದರೆ ಕೂಡಲೇ ಮಂಡಿಯನ್ನು ನೋವು ತಾಳುವಷ್ಟು ಮಡಚಿ (120 ಡಿಗ್ರಿವರೆಗೆ ಬಂದರೆ ಉತ್ತಮ), ಬ್ಯಾಂಡೇಜ್ ಸುತ್ತಿ ಹಾಗೇ ಇಟ್ಟುಕೊಳ್ಳಿ, ಮೊದಲ 24 ಗಂಟೆ. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ಎರಡು ಗಂಟೆಗೊಮ್ಮೆ. ಮೂರು ದಿನ ಬಿಸಿ ಮತ್ತು ಮಾಲೀಶು ದೂರ. ಪೆಟ್ಟಿಗೆ ಮೀರಿದ ನೋವು, ಹಲಗೆಯಂತೆ ಬಿಗಿದ ತೊಡೆ ಅಥವಾ ಮೀನಖಂಡ, ಪಾದ ಜೋಮು, ಬೆರಳು ಜಗ್ಗಿದರೆ ಅಸಹನೀಯ ನೋವು ಇದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ. ಒಳಗೆ ಒತ್ತಡ ಏರಿ ರಕ್ತ ಸಂಚಾರ ನಿಲ್ಲುವ ಸ್ಥಿತಿ ಅದು, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ.

ಪ್ರಶ್ನೆ: ಲಿನಿಮೆಂಟ್ ಎಣ್ಣೆ (ನೋವಿಗೆ ಹಚ್ಚುವ ಎಣ್ಣೆ) ಹಚ್ಚಿದರೆ ಶಿನ್ ಬೇಗ ಗಟ್ಟಿಯಾಗುತ್ತದಂತೆ, ನಿಜವೇ?

ಉತ್ತರ: ಇಲ್ಲ. ಅದರಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್, ಮೆಂಥಾಲ್ ಚರ್ಮ ಬೆಚ್ಚಗೆ ಮಾಡಿ ನೋವು ಮರೆಸುತ್ತವೆ, ಅಷ್ಟೇ. ಮರೆಸಿದ ನೋವಿನ ಮೇಲೆ ಇನ್ನಷ್ಟು ಒದೆಯುವುದೇ ಅಪಾಯ. ಗಾಯದ ಮೇಲೆ ಹಚ್ಚಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಪ್ರಶ್ನೆ: ಮಗನಿಗೆ 12 ವರ್ಷ, ಕರಾಟೆಗೆ ಹೋಗುತ್ತಾನೆ. ಈಗಲೇ ಕಾಲು ಗಟ್ಟಿ ಮಾಡಿಸಿದರೆ ಮುಂದೆ ಒಳ್ಳೆಯದು ಎಂದು ಕೋಚ್ ಹೇಳುತ್ತಾರೆ. ಮಂಡಿಯ ಕೆಳಗೆ ಒಂದು ಉಬ್ಬು ಬಂದಿದೆ, ಓಡಿದರೆ ನೋವು.

ಉತ್ತರ: ಈ ವಯಸ್ಸಿನಲ್ಲಿ ಗಟ್ಟಿ ವಸ್ತುವಿಗೆ ಒದೆಸುವುದು ಬೇಡವೇ ಬೇಡ. ಕೋಚ್ ಒಪ್ಪದಿದ್ದರೆ ತರಗತಿ ಬದಲಿಸಿ. ಮೂಳೆಯ ತುದಿಗಳಲ್ಲಿ ಬೆಳವಣಿಗೆಯ ಮೃದು ಪಟ್ಟಿಗಳು ಇನ್ನೂ ತೆರೆದಿರುತ್ತವೆ. ಹುಡುಗಿಯರಲ್ಲಿ ಸುಮಾರು 14–15ಕ್ಕೆ, ಹುಡುಗರಲ್ಲಿ 16–17ಕ್ಕೆ ಮುಚ್ಚಿಕೊಳ್ಳುತ್ತವೆ. ಅಲ್ಲಿಯವರೆಗೆ ಮೆತ್ತನೆಯ ಪ್ಯಾಡ್, ಸ್ಕಿಪ್ಪಿಂಗ್, ಓಟದ ಆಟಗಳು, ತೂಕವಿಲ್ಲದ ಬಸ್ಕಿ, ಸರಿಯಾದ ತಿರುವಿನ ಅಭ್ಯಾಸ ಸಾಕು. ಮೂಳೆ ಅತಿ ಹೆಚ್ಚು ಕಟ್ಟಿಕೊಳ್ಳುವ ವಯಸ್ಸೂ ಇದೇ, ಆ ಕೆಲಸವನ್ನು ಜಿಗಿತವೇ ಮಾಡಿಕೊಡುತ್ತದೆ.

ಮಂಡಿ ಚಿಪ್ಪಿನ ಕೆಳಗಿನ ಆ ಉಬ್ಬು ಬಹುಶಃ ಆಸ್ಗುಡ್-ಶ್ಲಾಟರ್ ಎಂಬ ತೊಂದರೆ. ತೊಡೆಯ ಸ್ನಾಯು ಎಳೆದೆಳೆದು ಬೆಳೆಯುವ ಮೂಳೆಯ ಆ ಬಿಂದು ಊದಿಕೊಂಡಿರುತ್ತದೆ. ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಜಿಗಿತ ಮತ್ತು ಕಿಕ್ಕುಗಳನ್ನು ನೋವು ಸಹಿಸುವಷ್ಟಕ್ಕೆ ಇಳಿಸಿದರೆ ಸಾಕು, ಪೂರ್ತಿ ಮಲಗಿಸಬೇಕಿಲ್ಲ. ಆದರೆ ಜೋರಾಗಿ ಒದ್ದಾಗ ಸೊಂಟದ ಮುಂದೆಯೋ ಪೃಷ್ಠದ ಬುಡದಲ್ಲೋ ‘ಟಕ್’ ಎಂದು ಸದ್ದಾಗಿ ಕುಂಟತೊಡಗಿದರೆ, ಸ್ನಾಯು ಹಿಡಿದಿದೆ ಎಂದು ಮನೆಯಲ್ಲಿ ಕೂರಿಸಬೇಡಿ. ಈ ವಯಸ್ಸಿನವರಲ್ಲಿ ಸ್ನಾಯು ಹರಿಯುವ ಬದಲು ಅದು ಅಂಟಿಕೊಂಡ ಮೂಳೆಯ ಚೂರೇ ಕಿತ್ತುಬರುತ್ತದೆ. ಅದೇ ದಿನ ಎಕ್ಸ್‌ರೇ ಮಾಡಿಸಿ.